ನೀರಿಳಿಸುವ ಮಾತ್ರೆ ಮತ್ತು ಉಳಿದ ನಾಲ್ಕು: ನನ್ನ ಅನುಭವ

ಬಿಪಿ, ಹಾರ್ಟ್ ಫೇಲ್ಯೂರ್ (ಹೃದಯ ಬೇಕಾದಷ್ಟು ರಕ್ತ ಪಂಪ್ ಮಾಡದಿರುವುದು) ಎರಡಕ್ಕೂ ಸೇರಿ ಐದು ಮಾತ್ರೆ: ಟಾರ್ಸೆಮೈಡ್, ಸ್ಪೈರೊನೊಲ್ಯಾಕ್ಟೋನ್, ಕಾರ್ವೆಡಿಲಾಲ್, ಡಾಪಾಗ್ಲಿಫ್ಲೋಜಿನ್, ಸಾಕ್ಯುಬಿಟ್ರಿಲ್-ವಾಲ್ಸಾರ್ಟನ್. ಅದರಲ್ಲಿ 'ಇವತ್ತೊಂದಿನ ಬೇಡ' ಅನ್ನಿಸುವುದು ನೀರಿಳಿಸುವ ಟಾರ್ಸೆಮೈಡ್ ಒಂದೇ. ನುಂಗಿದ ಗಂಟೆಯೊಳಗೆ ಮೂತ್ರಕ್ಕೆ ಅವಸರ, ಆರೆಂಟು ಗಂಟೆ ಅದೇ ಪಾಡು. ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ನಿಂತುಬಿಟ್ಟರೆ ಇಳಿಯುವ ಹಾಗೂ ಇಲ್ಲ, ಕೂರುವ ಹಾಗೂ ಇಲ್ಲ. ಮಾತ್ರೆ ಬಿಟ್ಟರೆ ಆ ನೀರು ಮೊದಲು ಪಾದದಲ್ಲಿ, ಆಮೇಲೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಅದಕ್ಕೇ ಡಾಕ್ಟರನ್ನು ಕೇಳಿ ಹೊತ್ತು ಬದಲಿಸಿಕೊಂಡೆ: ಮನೆಯಲ್ಲಿದ್ದರೆ ಬೆಳಿಗ್ಗೆ 7ಕ್ಕೆ, ಹೊರಗೆ ಕೆಲಸವಿದ್ದರೆ ವಾಪಸ್ ಬಂದ ಮೇಲೆ. ಸಂಜೆ 4 ಮಾತ್ರ ದಾಟಿಸುವುದಿಲ್ಲ, ದಾಟಿದರೆ ರಾತ್ರಿ ನಿದ್ದೆ ಹಾಳು.

ಮಾತ್ರೆ ಸಾಕಾಗುತ್ತಿದೆಯೋ ಇಲ್ಲವೋ ಅನ್ನುವುದು ತೂಕದಲ್ಲಿ ಗೊತ್ತಾಗುತ್ತದೆ. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದು, ಕಾಫಿಗೂ ಮುಂಚೆ, ತೆಳು ಬಟ್ಟೆಯಲ್ಲಿ ತೂಕ ನೋಡಿ ಗೋಡೆಯ ಕ್ಯಾಲೆಂಡರಿನ ಅವತ್ತಿನ ಚೌಕದಲ್ಲೇ ಬರೆಯುತ್ತೇನೆ. ಯಂತ್ರ ಚಾಪೆಯ ಮೇಲಿದ್ದರೆ ಅಂಕಿ ನಂಬಬೇಡಿ, ಬರೀ ನೆಲದ ಮೇಲಿಡಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಊಟದ ತೂಕವಲ್ಲ, ನೀರು. ಅವತ್ತೇ ಡಾಕ್ಟರಿಗೆ ಫೋನ್. ಕಾರಣ ಹುಡುಕಿದರೆ ಉಪ್ಪಿನಕಾಯಿಯೋ ಹಪ್ಪಳವೋ, ಮಂಡಿನೋವಿಗೆ ನುಂಗಿದ ಡೈಕ್ಲೋಫೆನಾಕೋ ಸಿಗುತ್ತದೆ. ಆ ನೋವಿನ ಮಾತ್ರೆ ಕಿಡ್ನಿ ಹೊರಹಾಕಬೇಕಾದ ಉಪ್ಪು, ನೀರು ಎರಡನ್ನೂ ಮೈಯಲ್ಲೇ ಹಿಡಿದಿಡುತ್ತದೆ.

ಉಪ್ಪು ಕಡಿಮೆ ಮಾಡಬೇಕೆಂದು 'ಲೋ ಸೋಡಿಯಂ' ಪ್ಯಾಕೆಟ್ ತರುವವರಿದ್ದಾರೆ. ಅದರಲ್ಲಿ ಒಂದಷ್ಟು ಸೋಡಿಯಂ ಬದಲು ಇರುವುದು ಪೊಟ್ಯಾಸಿಯಂ. ಸ್ಪೈರೊನೊಲ್ಯಾಕ್ಟೋನ್ ಮೊದಲೇ ಪೊಟ್ಯಾಸಿಯಂ ಉಳಿಸುವ ಮಾತ್ರೆ. ಎರಡೂ ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾಗಿ ಎದೆಬಡಿತವೇ ತಪ್ಪಬಹುದು. ದಿನಾ ಎಳನೀರು ಕುಡಿಯುವುದಕ್ಕೂ ಇದೇ ಮಾತು.

ಕಾರ್ವೆಡಿಲಾಲ್ ತಿಂಡಿ, ರಾತ್ರಿಯೂಟದ ಜೊತೆಗೇ. ಖಾಲಿ ಹೊಟ್ಟೆಗೆ ನುಂಗಿದರೆ ಎದ್ದು ನಿಂತಾಗ ತಲೆ ಸುತ್ತು ಹೆಚ್ಚು. ಡಾಪಾಗ್ಲಿಫ್ಲೋಜಿನ್‌ಗೆ ಊಟದ ಗೊಡವೆಯಿಲ್ಲ.

ಮೊದಲಿದ್ದ ಬಿಪಿ ಮಾತ್ರೆ ರಾಮಿಪ್ರಿಲ್ ನಿಲ್ಲಿಸಿ ಸಾಕ್ಯುಬಿಟ್ರಿಲ್-ವಾಲ್ಸಾರ್ಟನ್ ಕೊಟ್ಟಾಗ ನಡುವೆ 36 ಗಂಟೆ ಬಿಡಲೇಬೇಕು, ಇಲ್ಲದಿದ್ದರೆ ಮುಖ, ಗಂಟಲು ಊದಿಕೊಳ್ಳುವ ಅಪಾಯ. ಹಳೇ ಸ್ಟ್ರಿಪ್ ಡಬ್ಬಿಯಲ್ಲಿ ಉಳಿದಿದ್ದರೆ ಕೈ ತಪ್ಪಿ ಅದನ್ನೇ ನುಂಗಿಬಿಡುತ್ತೇವೆ, ಮೊದಲು ಹೊರಗೆ ತೆಗೆಯಿರಿ. ಮೆಡಿಕಲ್ ಸ್ಟೋರಿನವರು ಏಳೇ ಮಾತ್ರೆ ಕತ್ತರಿಸಿ ಕೊಟ್ಟರೆ ಎಕ್ಸ್‌ಪೈರಿ ಅವರ ತುಂಡಿನಲ್ಲೇ ಉಳಿದಿರುತ್ತದೆ. ಕೇಳಿ, ಕವರಿನ ಮೇಲೆ ಬರೆಸಿಕೊಳ್ಳುತ್ತೇನೆ.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವುದಿಲ್ಲ. ವಾಂತಿ ಭೇದಿಯಾದ ದಿನ ಟಾರ್ಸೆಮೈಡ್ ಮುಟ್ಟುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ, ಉಳಿದವುಗಳಲ್ಲೂ ಯಾವುದು ನಿಲ್ಲಿಸಬೇಕು, ಎಷ್ಟು ದಿನ ಎಂದು ಕೇಳುತ್ತೇನೆ.