ಎಂಟನೇ ತಿಂಗಳ ತುರಿಕೆ: ನಾನು ಏನು ಬಿಟ್ಟೆ, ಏನು ಹಚ್ಚಿದೆ

ರಾತ್ರಿ ಎರಡು ಗಂಟೆಗೆ ಎದ್ದು ಬಚ್ಚಲಿಗೆ ಹೋಗಿ, ತಣ್ಣಗಿರುವ ಗೋಡೆಗೆ ಹೊಟ್ಟೆ ಆನಿಸಿ ನಿಲ್ಲುತ್ತಿದ್ದೆ. ಏಪ್ರಿಲ್ ತಿಂಗಳು. ದಾವಣಗೆರೆ ಬಿಸಿಲು ಗೊತ್ತಲ್ಲ, ಫ್ಯಾನ್ ಹಾಕಿದರೂ ಬಿಸಿ ಗಾಳಿಯೇ ಬರುತ್ತದೆ. ಮೊದಲನೇ ಬಸಿರು, 34ನೇ ವಾರ. ಹೊಟ್ಟೆ ಹಿಗ್ಗಿದಾಗ ಚರ್ಮದ ಮೇಲೆ ಗೀರು ಬೀಳುತ್ತವಲ್ಲ, ಆ ಗೀರುಗಳ ಉದ್ದಕ್ಕೂ ಸಣ್ಣ ಕೆಂಪು ಗುಳ್ಳೆ ಎದ್ದಿದ್ದವು. ನಾಲ್ಕೇ ದಿನಕ್ಕೆ ತೊಡೆಗೆ ಇಳಿದವು, ಆಮೇಲೆ ತೋಳಿಗೂ ಬಂದವು. ಹೊಕ್ಕಳಿನ ಸುತ್ತ ಮಾತ್ರ ಒಂದೂ ಇರಲಿಲ್ಲ. ಅದನ್ನು ಗಮನಿಸಬೇಕು ಅಂತ ಆಗ ನನಗೆ ತಿಳಿದಿರಲಿಲ್ಲ.

ನನ್ನದು ಮೊದಲಿಂದಲೂ ಸೂಕ್ಷ್ಮ ಚರ್ಮ. ರೋಲ್ಡ್ ಗೋಲ್ಡ್ ಸರ ಹಾಕಿದರೆ ಸಂಜೆಗೆ ಕುತ್ತಿಗೆ ಕೆಂಪಾಗುತ್ತದೆ. ಬಸಿರಾದ ಮೇಲೆ ಅದು ಇನ್ನೂ ಜಾಸ್ತಿಯಾಯಿತು. ವರ್ಷಗಟ್ಟಲೆ ಹಚ್ಚಿದ ಸೋಪೇ ಐದನೇ ತಿಂಗಳಿಗೆ ಉರಿಯತೊಡಗಿತ್ತು. ಕುಬುಸದ ದಿನ ಜರಿ ಸೀರೆ ಉಟ್ಟು ಮೂರು ಗಂಟೆ ಕೂತಿದ್ದಕ್ಕೆ ಸೊಂಟದ ಸುತ್ತ ಬರೆ ಬಿದ್ದ ಹಾಗೆ ಆಗಿತ್ತು. ಹಾಗಾಗಿ ಗುಳ್ಳೆ ಎದ್ದಾಗಲೂ ಬಿಸಿಲಿಗೆ ಇರಬೇಕು ಅಂತ ಸುಮ್ನೆ ಇದ್ದೆ. ತಪಾಸಣೆಗೆ ಹೋದಾಗ ಅಲ್ಲಿದ್ದ ಸಿಸ್ಟರ್‌ಗೆ ಹೇಳಿದರೆ ಅವರೂ ನೋಡದೆಯೇ "ಬ್ಯಾಸಿಗೀಲಿ ಎಲ್ಲಾರಿಗೂ ಹಂಗೇ ಆಗುತ್ತೆ" ಅಂದರು.

ಅಜ್ಜಿ "ಪಿತ್ತದ ಗಂಧೆ ಕಣವ್ವಾ" ಅಂದರು. ಅವರದು ಚಳ್ಳಕೆರೆ ಕಡೆ ಊರು, ಕಂಬಳಿ ನೇಯುವ ಸೀಮೆ. ಗಂಧೆ ಎದ್ದರೆ ಕರಿ ಕಂಬಳಿಯಲ್ಲಿ ಮೈ ಉಜ್ಜುವುದು ಅವರ ಕಾಲದ ಪದ್ಧತಿ. ಉಜ್ಜುವಾಗ ಹಾಯೆನಿಸುತ್ತದೆ, ನಿಜ. ಆದರೆ ಅರ್ಧ ಗಂಟೆ ಬಿಟ್ಟು ಶುರುವಾದ ಉರಿಗೆ ನಾನು ಅತ್ತೇಬಿಟ್ಟೆ. ಅತ್ತೆ ಬೇವಿನ ಸೊಪ್ಪು ಹಾಕಿ ಚೆನ್ನಾಗಿ ನೀರು ಕಾಯಿಸಿ ಕೊಟ್ಟರು, ಸೋಪು ಬೇಡ ಅಂತ ಕಡಲೆಹಿಟ್ಟಿಗೆ ಅರಿಶಿನ ಕಲಸಿ ಕೊಟ್ಟರು, ಬದನೆಕಾಯಿ, ಶೇಂಗಾ, ಮೊಟ್ಟೆ ಎಲ್ಲವೂ ನಂಜು ಅಂತ ನಿಲ್ಲಿಸಿದರು. ಅವರ ಪ್ರೀತಿ ದೊಡ್ಡದು. ಆದರೆ ಬಿಸಿ ನೀರಿಗೆ, ಹಿಟ್ಟು ಹಾಕಿ ತಿಕ್ಕಿದ್ದಕ್ಕೆ, ನನ್ನ ಚರ್ಮದಲ್ಲಿ ಇದ್ದಷ್ಟು ಪಸೆಯೂ ಹೋಯಿತು.

ನಮ್ಮನೆಯವರು ನನ್ನ ಸಂಕಟ ನೋಡಲಾರದೆ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬ್ ತಂದರು. ಹುಳುಕಡ್ಡಿಗೆ ಹಚ್ಚುವಂಥದ್ದು. ಎರಡು ದಿನ ಹಚ್ಚಿದೆ, ತುರಿಕೆ ಇಳಿಯಿತು ಕೂಡ. ಇದನ್ನು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ. ಹಲವು ಮದ್ದು ಬೆರೆಸಿದ ಇಂಥ ಟ್ಯೂಬುಗಳಲ್ಲಿ ಎಷ್ಟೋ ಸಲ ಕ್ಲೋಬೆಟಸಾಲ್ ಇರುತ್ತದೆ, ಅದು ತುಂಬಾ ಜೋರಾದ ಸ್ಟೀರಾಯ್ಡ್. ಅದಕ್ಕೇ ಬೇಗ ಹಿತವೆನಿಸುವುದು. ಬಸಿರಿನಲ್ಲಿ ಅಂಥದ್ದನ್ನು ಮೈತುಂಬಾ, ಬಹಳ ದಿನ ಹಚ್ಚಿದರೆ ಮಗುವಿನ ತೂಕ ಕಡಿಮೆಯಾಗುವ ಅಪಾಯವಿದೆ. ಸ್ಟೀರಾಯ್ಡ್ ಅಂದರೆ ಎಲ್ಲವೂ ಕೆಟ್ಟದ್ದಲ್ಲ, ಆಮೇಲೆ ನನಗೂ ಸೌಮ್ಯವಾದದ್ದನ್ನೇ ಬರೆದುಕೊಟ್ಟರು. ಯಾವುದು, ಎಷ್ಟು, ಎಲ್ಲಿಗೆ ಅನ್ನುವುದನ್ನು ಡಾಕ್ಟರೇ ಹೇಳಬೇಕು, ಅಂಗಡಿಯವರಲ್ಲ.

ಚರ್ಮದ ಡಾಕ್ಟರ್ ಹತ್ತಿರ ಹೋದಾಗ ಅವರು ಹೊಟ್ಟೆ ನೋಡುವ ಮೊದಲೇ ಒಂದು ಮಾತು ಕೇಳಿದರು. "ಅಂಗೈ, ಅಂಗಾಲು ಕಡಿಯುತ್ತಾ? ಗುಳ್ಳೆ ಇಲ್ಲದ ಕಡೆ?"

"ಒಂದೊಂದು ರಾತ್ರಿ ಅಂಗಾಲು ಕಡಿಯುತ್ತೆ ಮೇಡಂ."

ಅವತ್ತೇ ರಕ್ತ ಪರೀಕ್ಷೆಗೆ ಬರೆದರು, ಲಿವರ್‌ದು ಮತ್ತು ಬೈಲ್ ಆಸಿಡ್‌ದು. ಬಸಿರಿನಲ್ಲಿ, ಹೆಚ್ಚಾಗಿ ಕೊನೆಯ ತಿಂಗಳುಗಳಲ್ಲಿ, ಕೆಲವರಿಗೆ ಲಿವರ್‌ನಿಂದ ಪಿತ್ತರಸ ಸರಿಯಾಗಿ ಹರಿಯುವುದಿಲ್ಲವಂತೆ. ಆಗ ಅದರಲ್ಲಿರುವ ಬೈಲ್ ಆಸಿಡ್ ರಕ್ತದಲ್ಲಿ ಏರುತ್ತದೆ. ಗುಳ್ಳೆಯೇ ಇಲ್ಲದೆ ತುರಿಕೆ ಬರುತ್ತದೆ, ಅದೂ ಅಂಗೈ ಅಂಗಾಲಿಗೆ, ರಾತ್ರಿ ಜಾಸ್ತಿ. ಕೆಲವರಿಗೆ ಮೂತ್ರ ಗಾಢ ಹಳದಿಯಾಗುತ್ತದೆ. ಅಮ್ಮನಿಗೆ ಹೆಚ್ಚಾಗಿ ತುರಿಕೆಯದೇ ಕಾಟ, ಆದರೆ ಬೈಲ್ ಆಸಿಡ್ ತುಂಬಾ ಏರಿದರೆ ಹೊಟ್ಟೆಯಲ್ಲಿರುವ ಮಗುವಿನ ಜೀವಕ್ಕೇ ಅಪಾಯ. ಅಜ್ಜಿ ಹೇಳಿದ ಪಿತ್ತ ಬೇರೆ, ಈ ಪಿತ್ತ ಬೇರೆ. ವರದಿ ಬರುವ ತನಕ ಎರಡು ರಾತ್ರಿ ಮಗುವಿನ ಒದೆತ ಎಣಿಸುತ್ತಾ ಮಲಗಿದ್ದೆ.

ನನ್ನ ವರದಿ ಸರಿಯಾಗಿಯೇ ಬಂತು. ನನಗೆ ಆಗಿದ್ದು ಪಾಲಿಮಾರ್ಫಿಕ್ ಎರಪ್ಷನ್ ಆಫ್ ಪ್ರೆಗ್ನೆನ್ಸಿ, ಹಳೆಯ ಹೆಸರು ಪಿಯುಪಿಪಿಪಿ. ಮೊದಲ ಬಸಿರಿನಲ್ಲಿ, ಕೊನೆಯ ವಾರಗಳಲ್ಲಿ ಬರುವುದು ಜಾಸ್ತಿ. ಗೀರುಗಳಲ್ಲೇ ಶುರುವಾಗಿ ಹೊಕ್ಕಳು ಬಿಡುವುದು ಇದರ ಗುರುತು. ಮಗುವಿಗೆ ಏನೂ ತೊಂದರೆಯಿಲ್ಲ. ಅದೇ ಹೊಕ್ಕಳಿನ ಸುತ್ತ ಶುರುವಾಗಿ ನೀರುಗುಳ್ಳೆ ಏಳತೊಡಗಿದರೆ ಅದು ಬೇರೆ ಕಾಯಿಲೆ ಇರಬಹುದು, ತಡಮಾಡದೆ ತೋರಿಸಬೇಕು.

ಮದ್ದು ಅಂತ ಕೊಟ್ಟಿದ್ದು ಸ್ವಲ್ಪವೇ. ಕ್ಯಾಲಮೈನ್ ಲೋಷನ್, ಗುಳ್ಳೆ ಮೇಲೆ ತೆಳ್ಳಗೆ ಹಚ್ಚಲು ಆ ಸೌಮ್ಯ ಮುಲಾಮು, ರಾತ್ರಿಗೆ ಒಂದು ಅಲರ್ಜಿ ಮಾತ್ರೆ, ವಾಸನೆಯಿಲ್ಲದ ಮಾಯಿಶ್ಚರೈಸರ್. ಉಳಿದಿದ್ದೆಲ್ಲ ನಾನು ಬಿಡಬೇಕಾದ್ದು. ಬಿಸಿ ನೀರು ಬಿಟ್ಟೆ. ಬೆಳಿಗ್ಗೆ ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಐದೇ ನಿಮಿಷ ಸ್ನಾನ, ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ. ತಿಕ್ಕುವ ನಾರು ಎತ್ತಿಟ್ಟೆ. ಟವೆಲ್‌ನಲ್ಲಿ ಒರೆಸದೆ ಒತ್ತಿ ನೀರು ತೆಗೆದು, ಮೈ ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್. ಒಣಗಿದ ಮೇಲೆ ಹಚ್ಚಿದರೆ ಅಷ್ಟು ಉಪಯೋಗವಿಲ್ಲ, ಎರಡನ್ನೂ ಮಾಡಿ ನೋಡಿ ಹೇಳುತ್ತಿದ್ದೇನೆ.

ನೀರಿನ ವಿಷಯ ನಮ್ಮ ಕಡೆಯವರಿಗೆ ಬೇರೆಯಾಗಿಯೇ ಹೇಳಬೇಕು. ನಮ್ಮ ಮನೆಯಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ಸ್ನಾನಕ್ಕೆಲ್ಲ ಬೋರ್ ನೀರು. ಗಡಸು ನೀರು, ಬಕೆಟ್ ಅಂಚಿಗೆ ಬಿಳಿ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ, ಮೈಗೆ ಅಂಟಿದ್ದು ಪೂರ್ತಿ ಹೋಗುವುದೂ ಇಲ್ಲ. ಹಾಗಾಗಿ ನಲ್ಲಿ ನೀರು ಬಂದ ದಿನ ಎರಡು ಕೊಡ ನನಗೆ ಅಂತಲೇ ತೆಗೆದಿಟ್ಟು, ಸ್ನಾನದ ಕೊನೆಯ ನಾಲ್ಕು ಚೊಂಬು ಅದನ್ನೇ ಹಾಕಿಕೊಳ್ಳುತ್ತಿದ್ದೆ. ನನ್ನ ಬಟ್ಟೆಯನ್ನೂ ಒಂದು ಸಲ ಜಾಸ್ತಿ ಜಾಲಿಸುತ್ತಿದ್ದೆವು. ಲಂಗದ ಲಾಡಿ ಬಿಗಿಯುವುದು ನಿಲ್ಲಿಸಿ ದೊಗಳೆ ಕಾಟನ್ ನೈಟಿಗೆ ಬಂದೆ. ಉಗುರು ಚಿಕ್ಕದಾಗಿ ಕತ್ತರಿಸಿದೆ. ತುರಿಕೆ ಏರಿದಾಗ ಕೆರೆಯುವ ಬದಲು ಹಳೇ ಪಂಚೆ ತುಂಡು ಒದ್ದೆ ಮಾಡಿ ಹತ್ತು ನಿಮಿಷ ಹೊಟ್ಟೆ ಮೇಲೆ ಹಾಕಿಕೊಳ್ಳುತ್ತಿದ್ದೆ. ಎಲ್ಲಕ್ಕಿಂತ ಇದೇ ನನ್ನನ್ನು ಮಲಗಿಸಿದ್ದು. ಶೇಂಗಾ, ಮೊಟ್ಟೆ ಬಿಡುವ ಅಗತ್ಯವಿಲ್ಲ ಅಂತ ಡಾಕ್ಟರ್ ಅತ್ತೆಗೇ ಹೇಳಿದರು. ಅವತ್ತು ರಾತ್ರಿಯೇ ಅತ್ತೆ ರೊಟ್ಟಿ ಜೊತೆ ಶೇಂಗಾ ಚಟ್ನಿ ಹಾಕಿ ಕೊಟ್ಟರು.

ಪೂರ್ತಿ ಹೋಗಲಿಲ್ಲ, ತಡೆಯುವಷ್ಟಕ್ಕೆ ಬಂತು. ಹೆರಿಗೆಯಾಗಿ ಎರಡು ವಾರಕ್ಕೆ ಗುಳ್ಳೆ ಒಣಗಿದವು. ಕಂದು ಕಲೆ ಮಾಸಲು ಕೆಲವು ತಿಂಗಳು ಬೇಕಾಯಿತು.

ಮುಂದಿನ ವರ್ಷ ನನ್ನ ನಾದಿನಿ ಬಸಿರಾದಳು. ಒಂದು ರಾತ್ರಿ ಫೋನ್ ಮಾಡಿ, "ಅತ್ತಿಗೆ, ನಿಮಗೆ ಆದಂಗೇ ತುರಿಕೆ, ಆದ್ರೆ ಒಂದೂ ಗುಳ್ಳೆ ಇಲ್ಲ, ಆ ಕ್ಯಾಲಮೈನ್ ಹೆಸರು ಹೇಳಿ" ಅಂದಳು. ಎಲ್ಲಿ ಕಡಿಯುತ್ತೆ ಅಂತ ಕೇಳಿದೆ. ಅಂಗಾಲು ಅಂದಳು. ಲೋಷನ್ ಹೆಸರು ಹೇಳಲಿಲ್ಲ, ಬೆಳಿಗ್ಗೆ ಎಂಟಕ್ಕೆ ತಾಯಿ ಕಾರ್ಡ್ ಹಿಡಿದು ನಾನೇ ಜೊತೆಗೆ ಹೋದೆ. ಅವಳ ಬೈಲ್ ಆಸಿಡ್ ಏರಿತ್ತು. ಮಾತ್ರೆ ಶುರುಮಾಡಿದರು, ವಾರವಾರ ರಕ್ತ ನೋಡಿದರು, 37ನೇ ವಾರಕ್ಕೆ ಹೆರಿಗೆ ಮಾಡಿಸಿದರು. ಮಗು ಹುಟ್ಟಿದ ತಕ್ಷಣ ಅತ್ತಿದ್ದು ಹೊರಗೆ ನಿಂತಿದ್ದ ನನಗೂ ಕೇಳಿಸಿತು.