ಟ್ಯಾಂಕಿನಲ್ಲಿ ಇರೋದು ಇ10 ಪೆಟ್ರೋಲೋ ಇ20ಯೋ? ನಾನು ಪತ್ತೆ ಹಚ್ಚಿದ ಬಗೆ

2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆಯಾಯಿತು. ಆಮೇಲೆ ಸ್ವಲ್ಪ ಕಾಲ ಒಂದು ಬಂಕಿನಲ್ಲಿ ಇ10 (ಶೇ 10 ಎಥನಾಲ್) ಸಿಕ್ಕರೆ ಇನ್ನೊಂದರಲ್ಲಿ ಇ20. ನನ್ನದು ಹಳೆ ಪೆಟ್ರೋಲ್ ಕಾರು. ಟ್ಯಾಂಕಿಗೆ ಏನು ಬಿತ್ತು ಅಂತ ಕಾರನ್ನೇ ಕೇಳೋಣ ಅನ್ನಿಸಿತು. ಕೈಯಲ್ಲಿದ್ದದ್ದು ಒಂದು ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಸಾಧನ), ಫೋನಿನಲ್ಲಿ ಒಂದು ಆ್ಯಪ್. ಅಷ್ಟೇ.

ಕಾರು ತನ್ನ ಸ್ಥಿತಿಯನ್ನು ಹೊರಗೆ ತಿಳಿಸುವ ವ್ಯವಸ್ಥೆ ಒಬಿಡಿ. ಅದರಲ್ಲಿ ಒಂದೊಂದು ಮಾಹಿತಿಗೂ ಪಿಐಡಿ ಅನ್ನುವ ಸಂಕೇತ ಸಂಖ್ಯೆ. ಇಂಧನ ಯಾವುದು ಅಂತ ಹೇಳುವ ಪಿಐಡಿ 51 ಇದೆ. ಈ ಕೆಲಸಕ್ಕೆ ಅದು ಬರುವುದಿಲ್ಲ. ಸುಮ್ನೆ 'ಪೆಟ್ರೋಲ್' ಅನ್ನುತ್ತದೆ, ಏನನ್ನೂ ಅಳೆಯುವುದಿಲ್ಲ. ಎಥನಾಲ್ ಎಷ್ಟಿದೆ ಅಂತ ಹೇಳಬೇಕಾದ ಪಿಐಡಿ 52ಕ್ಕೆ ನನ್ನ ಕಾರು ಉತ್ತರವನ್ನೇ ಕೊಡಲಿಲ್ಲ.

ಉಳಿದದ್ದು ಆಕ್ಸಿಜನ್ ಸೆನ್ಸರ್. ಇಂಧನ ಯಾವುದು ಅಂತ ಅದಕ್ಕೂ ಗೊತ್ತಿಲ್ಲ. ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯಾ ಅನ್ನುವುದಷ್ಟೇ ಅದಕ್ಕೆ ಗೊತ್ತು. ಆದರೆ ಅಷ್ಟು ಸಾಕು. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು, ಅದರೊಳಗೇ ಆಮ್ಲಜನಕ ಇದೆಯಲ್ವಾ. ಲೆಕ್ಕ ಹಾಕಿದರೆ ಇ10ಕ್ಕೆ ಸುಮಾರು 14.1, ಇ20ಗೆ 13.5. ಅಂದರೆ ಅಷ್ಟೇ ಗಾಳಿಗೆ ಇ20 ಶೇ 4ರಷ್ಟು ಜಾಸ್ತಿ ಬೇಕು. ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್, ಅಂದರೆ ಇಸಿಯು, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರನ್ನು ಅಷ್ಟು ಹೆಚ್ಚು ಹೊತ್ತು ತೆರೆದಿಡುತ್ತದೆ. ಆ ತಿದ್ದುಪಡಿಯೇ ಫ್ಯೂಯಲ್ ಟ್ರಿಮ್. ಕ್ಷಣಕ್ಷಣಕ್ಕೆ ಬದಲಾಗುವ ಶಾರ್ಟ್ ಟರ್ಮ್, ನಿಧಾನವಾಗಿ ಕಲಿತ ಲಾಂಗ್ ಟರ್ಮ್ ಎರಡನ್ನೂ ಕೂಡಿಸಿ ನೋಡಬೇಕು.

ಒಂದು ಸಲದ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಒಂದೊಂದು ಕಾರಿನ ಟ್ರಿಮ್ ಒಂದೊಂದು ಥರ. ಹಾಗಾಗಿ ಪೆಟ್ರೋಲ್ ಹಾಕಿಸುವ ಮುಂಚೆ, ಹಾಕಿಸಿದ ಮೇಲೆ, ಎರಡೂ ಸಲ ಒಂದೇ ರಸ್ತೆ ಹಿಡಿದೆ. ತುಮಕೂರು ರಸ್ತೆಯ ಮಟ್ಟಸ ಭಾಗ, ಬಿಸಿಯಾದ ಎಂಜಿನ್, ಎಸಿ ಬಂದ್, ಒಂದೇ ಗೇರು, ಒಂದೇ ವೇಗ. ಮೀಟರ್ ಮುಳ್ಳು ರಿಸರ್ವ್‌ಗೆ ಬಂದ ಮೇಲೆಯೇ ಟ್ಯಾಂಕ್ ತುಂಬಿಸುತ್ತಿದ್ದೆ. ಅರ್ಧ ಟ್ಯಾಂಕ್ ಹಳೆಯದೇ ಇದ್ದರೆ ಶೇ 4 ಆಗಬೇಕಾದ ಏರಿಕೆ 2 ಆಗುತ್ತದೆ. ಆ 2 ಮಾಮೂಲಿ ಏರಿಳಿತದಲ್ಲೇ ಕಳೆದುಹೋಗುತ್ತದೆ.

ತುಂಬಿಸಿದ ತಕ್ಷಣವೂ ನೋಡಬೇಡಿ. ಟ್ಯಾಂಕಿನ ಆವಿ, ಅದನ್ನು ಹಿಡಿದಿಡುವ ಚಾರ್ಕೋಲ್ ಕ್ಯಾನಿಸ್ಟರ್‌ನಿಂದ ಎಂಜಿನ್ನಿಗೆ ಹೋಗುತ್ತಿರುವಾಗ ಟ್ರಿಮ್ ಕೆಳಗಿಳಿಯುತ್ತದೆ. ಪೈಪಿನಲ್ಲಿ ಉಳಿದ ಹಳೆ ಪೆಟ್ರೋಲೂ ಮುಗಿಯಬೇಕು, ಲಾಂಗ್ ಟರ್ಮ್ ಟ್ರಿಮ್ ಹೊಸದನ್ನು ಕಲಿಯಬೇಕು.

ನನ್ನ ಕಾರಿನಲ್ಲಿ ಶೇ ಮೈನಸ್ 1ರ ಆಸುಪಾಸು ಇದ್ದ ಟ್ರಿಮ್ ಪ್ಲಸ್ 3ರ ಹತ್ತಿರ ಬಂದು ನಿಂತಿತು. ಅಂದರೆ ಶೇ 4ರ ಏರಿಕೆ, ಇ20ಯ ಗುರುತು. ಗಾಳಿ ಸೋರಿಕೆ ಇದ್ದರೂ ಟ್ರಿಮ್ ಏರುತ್ತದೆ. ಆದರೆ ಇಂಟೇಕ್ (ಎಂಜಿನ್ನಿಗೆ ಗಾಳಿ ಹೋಗುವ ದಾರಿ) ಸೋರಿಕೆ ಐಡಲ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ಜೋರಾಗಿ ಕಾಣುತ್ತದೆ, ಆಕ್ಸಿಲರೇಟರ್ ಒತ್ತಿದರೆ ಕಡಿಮೆಯಾಗುತ್ತದೆ. ಎಥನಾಲ್ ಆದರೆ ಐಡಲ್‌ನಲ್ಲೂ ಲೋಡ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಏರಿಕೆ. ನನಗೆ ಧೈರ್ಯ ಬಂದದ್ದು ಇದನ್ನು ನೋಡಿದ ಮೇಲೆ.

ಇದರಲ್ಲಿ ಹೊಸತೇನಿಲ್ಲ. ಬ್ರೆಜಿಲ್‌ನಲ್ಲಿ 2003ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗೋಲ್ ಟೋಟಲ್ ಫ್ಲೆಕ್ಸ್ ಕೂಡ ಆಕ್ಸಿಜನ್ ಸೆನ್ಸರ್ ನೋಡಿಯೇ ಎಥನಾಲ್ ಅಂದಾಜು ಮಾಡುತ್ತಿತ್ತು. ಎಥನಾಲ್ ಅಳೆಯುವುದಕ್ಕೇ ಬೇರೆ ಸೆನ್ಸರೂ ಸಿಗುತ್ತದೆ. ಪೆಟ್ರೋಲ್ ಪೈಪಿಗೆ ಜೋಡಿಸಿದರೆ ಎಥನಾಲ್ ಇಲ್ಲದಾಗ 50 ಹರ್ಟ್ಸ್, ಪೂರ್ತಿ ಎಥನಾಲ್ ಇದ್ದರೆ 150 ಹರ್ಟ್ಸ್ ಸಿಗ್ನಲ್ ಕೊಡುತ್ತದೆ. ಅದು ನಿಖರ, ನಿಜ. ಆದರೆ ಮಾಮೂಲಿ ಕಾರಿನ ಇಸಿಯು ಆ ಸಿಗ್ನಲನ್ನು ಓದುವುದೇ ಇಲ್ಲ. ಇ10, ಇ20 ಬೇರೆ ಮಾಡುವುದಕ್ಕೋಸ್ಕರ ಪೆಟ್ರೋಲ್ ಪೈಪ್ ಕತ್ತರಿಸುವುದು ನನಗಂತೂ ಬೇಡ.