ಶಾಲಾ ಮಕ್ಕಳ ಆಹಾರ ಸೇವನೆಯನ್ನು ಆನ್‌ಲೈನ್ ಸಾಧನಗಳಿಂದ ಅಳೆಯುವ ಬಗೆ

ಶಾಲೆಗೆ ಹೋಗುವ ಮಕ್ಕಳು ದಿನವೊಂದರಲ್ಲಿ ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಎಂಬುದನ್ನು ಅಳೆಯಲು ಹೊರಟವರು ಮೊದಲೇ ಒಪ್ಪಿಕೊಳ್ಳಬೇಕಾದ ಸಂಗತಿಯೊಂದಿದೆ: ಆನ್‌ಲೈನ್ ಸಾಧನ ಊಟವನ್ನು ನೋಡುವುದೇ ಇಲ್ಲ, ಮಗುವಿನ ನೆನಪನ್ನು ಮಾತ್ರ ಕೇಳುತ್ತದೆ. ಪರದೆ ಎಷ್ಟೇ ಚೆನ್ನಾಗಿರಲಿ, ನೆನಪಿನ ಮೇಲಿನ ಹೊರೆಯನ್ನು ಇಳಿಸದೆ ಲೆಕ್ಕ ಸರಿಹೋಗುವುದಿಲ್ಲ. ಸಾಧನದ ಆಯ್ಕೆಯಿಂದ ವರದಿಯವರೆಗಿನ ಪ್ರತಿ ತೀರ್ಮಾನವನ್ನೂ ಈ ದೃಷ್ಟಿಯಿಂದಲೇ ತೆಗೆದುಕೊಳ್ಳುವುದು ಒಳಿತು.

ಸಾಧನವನ್ನು ಹುಡುಕುವ ಮೊದಲು, ನಿಮಗೆ ಬೇಕಾಗಿರುವ ಉತ್ತರ ಯಾವುದೆಂದು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಒಂದು ಗುಂಪಿನ ಸರಾಸರಿ ಸೇವನೆ ತಿಳಿದರೆ ಸಾಕು ಎಂದಾದರೆ, ಸಾಕಷ್ಟು ಮಕ್ಕಳಿಂದ ತಲಾ ಒಂದು ದಿನದ ದಾಖಲೆ ಪಡೆದು, ವಾರದ ಎಲ್ಲ ದಿನಗಳೂ ಅದರಲ್ಲಿ ಸೇರುವಂತೆ ನೋಡಿಕೊಂಡರೆ ಕೆಲಸವಾಗುತ್ತದೆ. ಎಷ್ಟು ಪಾಲು ಮಕ್ಕಳಿಗೆ ಕಬ್ಬಿಣಾಂಶ ಸಾಲದು ಎಂಬಂಥ ಪ್ರಶ್ನೆಗೆ ಅದು ಸಾಲದು. ಒಂದೇ ಮಗುವಿನ ಊಟ ದಿನದಿಂದ ದಿನಕ್ಕೆ ಬದಲಾಗುವುದರಿಂದ, ಕನಿಷ್ಠ ಒಂದಷ್ಟು ಮಕ್ಕಳಿಂದಾದರೂ ಒಂದರ ಪಕ್ಕ ಒಂದಲ್ಲದ ಎರಡು ದಿನಗಳ ದಾಖಲೆ ಪಡೆದು, ಆ ಏರಿಳಿತವನ್ನು ಸಂಖ್ಯಾಶಾಸ್ತ್ರದ ಮೂಲಕ ಬೇರ್ಪಡಿಸಬೇಕಾಗುತ್ತದೆ. ಒಬ್ಬೊಬ್ಬ ಮಗುವಿನ ವಾಡಿಕೆಯ ಸೇವನೆಯನ್ನೇ ಹೇಳಬೇಕೆಂದರೆ ಇನ್ನೂ ಹೆಚ್ಚು ದಿನಗಳು ಬೇಕು. ವಿಟಮಿನ್ ಎ ಯಂತೆ ಕೆಲವೇ ಆಹಾರಗಳಲ್ಲಿ ದಟ್ಟವಾಗಿರುವ ಪೋಷಕಾಂಶಗಳ ಮಟ್ಟಿಗಂತೂ, ಶಾಲಾ ಸಮೀಕ್ಷೆಯೊಂದರಲ್ಲಿ ಅದು ಕೈಗೂಡುವ ಮಾತಲ್ಲ.

ಈಗ ಬಳಕೆಯಲ್ಲಿರುವ ಸಾಧನಗಳಲ್ಲಿ ಹೆಚ್ಚಿನವು ಹಿಂದಿನ 24 ಗಂಟೆಗಳ ಆಹಾರವನ್ನು ನೆನಪಿಸಿ ಕೇಳುವ ವಿಧಾನವನ್ನು ಅನುಸರಿಸುತ್ತವೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಎಸ್‌ಎ24, ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇಂಟೇಕ್24, ಲೀಡ್ಸ್ ವಿಶ್ವವಿದ್ಯಾಲಯದ ಮೈಫುಡ್24 ಇವುಗಳಲ್ಲಿ ಹೆಸರಾದವು. ಡೆನ್ಮಾರ್ಕ್‌ನ ವೆಬ್‌ಡಾಸ್ಕ್ 8ರಿಂದ 11 ವರ್ಷದವರಿಗೆಂದೇ ತಯಾರಾದದ್ದು. ಬ್ರೆಜಿಲ್‌ನ ಕಾಫೆ 7ರಿಂದ 10 ವರ್ಷದ ಮಕ್ಕಳಿಗೆ ಚಿತ್ರಗಳನ್ನು ತೋರಿಸಿ, ಹಿಂದಿನ ದಿನ ಯಾವ ಹೊತ್ತಿಗೆ ಯಾವ ಆಹಾರ ತಿಂದರೆಂದು ಮಾತ್ರ ಕೇಳುತ್ತದೆ, ಪ್ರಮಾಣವನ್ನು ಕೇಳುವುದಿಲ್ಲ. ಇದನ್ನು ಕೊರತೆಯೆಂದು ಭಾವಿಸಬೇಕಾಗಿಲ್ಲ. ಹಣ್ಣು ತರಕಾರಿ ತಿನ್ನುವ ಮಕ್ಕಳು ಹೆಚ್ಚಾದರೇ ಎಂಬುದಷ್ಟೇ ನಿಮ್ಮ ಪ್ರಶ್ನೆಯಾದರೆ, ಗ್ರಾಂ ಲೆಕ್ಕ ಕೇಳಿ ಮಕ್ಕಳನ್ನು ದಣಿಸುವುದರಿಂದ ಸಿಗುವ ಲಾಭ ಕಡಿಮೆ. ಯಾವುದನ್ನೇ ಆರಿಸಿದರೂ, ಅದರ ಆಹಾರಪಟ್ಟಿಯಲ್ಲಿ ನಿಮ್ಮ ಮಕ್ಕಳು ನಿಜವಾಗಿ ತಿನ್ನುವ ಪದಾರ್ಥಗಳು, ಅವರು ಕರೆಯುವ ಹೆಸರುಗಳಲ್ಲೇ ಇವೆಯೇ ಎಂದು ಮೊದಲು ನೋಡಿ. ಬೇರೆ ದೇಶಕ್ಕೆಂದು ತಯಾರಾದ ಪಟ್ಟಿಯನ್ನು ಹಾಗೆಯೇ ಬಳಸಿದರೆ, ಮಗು ತಾನು ತಿಂದದ್ದನ್ನು ಬಿಟ್ಟು ಪಟ್ಟಿಯಲ್ಲಿ ಸಿಕ್ಕಿದ್ದನ್ನು ಒತ್ತುತ್ತದೆ.

ವಯಸ್ಸಿನ ವಿಷಯದಲ್ಲಿ ಧಾರಾಳ ಬೇಡ. ಸುಮಾರು ಎಂಟು ವರ್ಷದೊಳಗಿನ ಮಕ್ಕಳಿಂದ ಇಡೀ ದಿನದ ದಾಖಲೆಯನ್ನು ನಿರೀಕ್ಷಿಸಲಾಗದು, ಹೆತ್ತವರೇ ತುಂಬಬೇಕಾಗುತ್ತದೆ. ಆದರೆ ಶಾಲೆಯಲ್ಲಿ ನಡೆಯುವ ಊಟವನ್ನು ಹೆತ್ತವರು ಕಂಡಿರುವುದಿಲ್ಲ. ಡಬ್ಬಿಯಲ್ಲಿ ಕಳುಹಿಸಿದ್ದು ಅವರಿಗೆ ಗೊತ್ತು, ಅದರಲ್ಲಿ ಗೆಳೆಯರ ಪಾಲಾದದ್ದು ಎಷ್ಟೆಂಬುದು ಗೊತ್ತಿಲ್ಲ. ಹಾಗಾಗಿ ಶಾಲೆಯ ಹೊತ್ತಿನ ಆಹಾರವನ್ನು ಅಲ್ಲೇ ಇರುವ ಹಿರಿಯರೊಬ್ಬರು ಗಮನಿಸಿ ಬರೆದಿಟ್ಟು, ಮನೆಯ ಆಹಾರವನ್ನು ಹೆತ್ತವರು ತುಂಬುವಂತೆ ಹೊಂದಿಸುವುದು ಒಳ್ಳೆಯದು. ಎಂಟರಿಂದ ಹನ್ನೆರಡರವರೆಗಿನ ಮಕ್ಕಳು ತಾವೇ ತುಂಬಬಲ್ಲರಾದರೂ ಪಕ್ಕದಲ್ಲಿ ಸಹಾಯಕರೊಬ್ಬರು ಇರಬೇಕು. ಹದಿಹರೆಯದವರಿಗೆ ಸಾಧನ ಸಲೀಸು. ಅವರಲ್ಲಿ ತೊಂದರೆಯಿರುವುದು ಆಸಕ್ತಿಯದ್ದು ಮತ್ತು ತಿಂದದ್ದನ್ನು ಬಚ್ಚಿಡುವ ಸಂಕೋಚದ್ದು.

ತಿಂದ ಹೊತ್ತಿಗೂ ಕೇಳುವ ಹೊತ್ತಿಗೂ ನಡುವಿನ ಅಂತರ ಹೆಚ್ಚಿದಷ್ಟೂ ಮಕ್ಕಳ ಉತ್ತರ ತಪ್ಪುತ್ತದೆ ಎಂಬುದನ್ನು, ಶಾಲಾ ಊಟವನ್ನು ಕಣ್ಣಾರೆ ಗಮನಿಸಿ ಹೋಲಿಸಿದ ಅಧ್ಯಯನಗಳು ತೋರಿಸಿವೆ. ಮಧ್ಯಾಹ್ನದ ಊಟವೇ ನಿಮಗೆ ಮುಖ್ಯವಾದರೆ ಅದೇ ದಿನ ಮಧ್ಯಾಹ್ನದ ತರಗತಿಯಲ್ಲಿ ಕೇಳಿ, ಮರುದಿನ ಬೆಳಗ್ಗೆಗೆ ಬಿಡಬೇಡಿ. ಇಡೀ ದಿನದ ದಾಖಲೆ ಬೇಕಾದಾಗ, ಕೇಳುವ ಕ್ಷಣದಿಂದ ಹಿಂದಕ್ಕೆ 24 ಗಂಟೆಗಳನ್ನು ಎಣಿಸುವುದೋ, ನಿನ್ನೆ ಎಂಬ ಪೂರ್ಣ ದಿನವನ್ನು ಕೇಳುವುದೋ ಎಂದು ಮೊದಲೇ ತೀರ್ಮಾನಿಸಿ ಎಲ್ಲರಿಗೂ ಒಂದೇ ನಿಯಮ ಹಾಕಿ. ಮೊದಲನೆಯದರಲ್ಲಿ ನೆನಪು ಹಸಿಯಾಗಿರುತ್ತದೆ. ಎರಡನೆಯದನ್ನು ಮಕ್ಕಳಿಗೆ ವಿವರಿಸುವುದು ಸುಲಭ. ಸೋಮವಾರ ಕೇಳದಿದ್ದರೆ ಭಾನುವಾರದ ಆಹಾರ ನಿಮ್ಮ ದತ್ತಾಂಶದಿಂದ ಪೂರ್ತಿ ಮಾಯವಾಗುತ್ತದೆ ಎಂಬುದೂ ನೆನಪಿರಲಿ. ಯಾವ ದಿನ ಕೇಳುತ್ತೀರೆಂದು ಮಕ್ಕಳಿಗೆ ಮುಂಚಿತವಾಗಿ ಹೇಳದಿರುವುದು ಮೇಲು, ಏಕೆಂದರೆ ಬರೆಯಬೇಕೆಂದು ಗೊತ್ತಾದ ದಿನ ಜನ ತಿನ್ನುವುದೇ ಬೇರೆಯಾಗುತ್ತದೆ.

ತರಗತಿಯಲ್ಲಿ ಸಾಧನವನ್ನು ತೆರೆಯುವ ಮೊದಲು ಹತ್ತು ನಿಮಿಷ ಪರದೆಯನ್ನು ಮುಟ್ಟಿಸದೆ ನಿನ್ನೆಯ ದಿನವನ್ನು ನೆನಪಿಸಿ: ಎಷ್ಟು ಹೊತ್ತಿಗೆ ಎದ್ದರು, ಆಟದ ಬಿಡುವಿನಲ್ಲಿ ಎಲ್ಲಿದ್ದರು, ಮನೆಗೆ ಯಾರ ಜೊತೆ ಹೋದರು. ಊಟದ ನೆನಪು ಇಂಥ ಕೊಂಡಿಗಳಿಗೆ ಅಂಟಿಕೊಂಡಿರುತ್ತದೆ. ಆದರೆ ಯಾವ ಆಹಾರದ ಹೆಸರನ್ನೂ ನೀವಾಗಿ ಉದಾಹರಣೆಗೆ ಹೇಳಬೇಡಿ. ಹೇಳಿದ ಹೆಸರು ಹಲವರ ದಾಖಲೆಯಲ್ಲಿ ಇಣುಕುತ್ತದೆ. ಒಳ್ಳೆಯ ಸಾಧನಗಳು ಹಲವು ಸುತ್ತುಗಳಲ್ಲಿ ಕೇಳುತ್ತವೆ. ಮೊದಲು ಬೇಗನೆ ಪಟ್ಟಿ, ಬಳಿಕ ಮರೆತಿರಬಹುದಾದ ಪಾನೀಯ ಮತ್ತು ಕುರುಕಲು, ಆಮೇಲೆ ಹೊತ್ತು, ವಿವರ, ಪ್ರಮಾಣ, ಕೊನೆಗೊಮ್ಮೆ ಪರಿಶೀಲನೆ. ಮಗು ‘ಹಾಲು’ ಎಂದು ಟೈಪ್ ಮಾಡಿದಾಗ ಕೆನೆಯುಳ್ಳದ್ದು, ಕೆನೆ ತೆಗೆದದ್ದು, ಸಕ್ಕರೆ ಬೆರೆತದ್ದು, ಪುಡಿಯಿಂದ ಕಲಸಿದ್ದು ಎಂದು ಉದ್ದನೆಯ ಸಾಲು ತೆರೆದುಕೊಂಡರೆ, ಅದು ಮೇಲಿನದನ್ನೇ ಒತ್ತಿ ಮುಂದೆ ಹೋಗುತ್ತದೆ. ‘ಗೊತ್ತಿಲ್ಲ’ ಎಂಬ ಆಯ್ಕೆ ಅಲ್ಲಿ ಇರಲೇಬೇಕು. ಕಾಗುಣಿತ ತಪ್ಪಿದರೂ ಪದವನ್ನು ಹುಡುಕಿಕೊಡುವ ಶಕ್ತಿ ಸಾಧನಕ್ಕಿದೆಯೇ ಎಂಬುದನ್ನು ಮಕ್ಕಳಿಂದಲೇ ಟೈಪ್ ಮಾಡಿಸಿ ಪರೀಕ್ಷಿಸಿ, ನೀವು ಸರಿಯಾಗಿ ಟೈಪ್ ಮಾಡಿ ನೋಡಿದರೆ ಏನೂ ತಿಳಿಯುವುದಿಲ್ಲ.

ಪ್ರಮಾಣದ ಅಂದಾಜಿನಲ್ಲೇ ಅತಿ ಹೆಚ್ಚು ತಪ್ಪುಗಳು ನುಸುಳುತ್ತವೆ. ದೊಡ್ಡವರ ತಟ್ಟೆಯ ಫೋಟೊಗಳನ್ನು ಮಕ್ಕಳಿಗೆ ತೋರಿಸಿದರೆ ಅಂದಾಜು ಮೇಲಕ್ಕೆ ಜಾರುತ್ತದೆ, ಆದ್ದರಿಂದ ಆ ವಯಸ್ಸಿನವರು ತಿನ್ನುವ ಪ್ರಮಾಣಗಳನ್ನೇ ಆಧರಿಸಿದ ಚಿತ್ರಮಾಲೆ ಬೇಕು. ಬಡಿಸಿಕೊಂಡದ್ದು ಮತ್ತು ಉಳಿಸಿದ್ದು ಇವೆರಡಕ್ಕೂ ಪ್ರತ್ಯೇಕ ಪ್ರಶ್ನೆಯಿರಬೇಕು. 200 ಮಿಲಿಲೀಟರ್ ಹಾಲಿನ ಪೊಟ್ಟಣ ಎಂದು ಮಗು ಹೇಳಿದರೆ ಅದು ಪಡೆದದ್ದು. 80 ಮಿಲಿಲೀಟರ್ ಚೆಲ್ಲಿದ್ದರೆ ಕುಡಿದದ್ದು 120 ಮಾತ್ರ, ಅಂದರೆ ಉಳಿಕೆ ಕೇಳದ ಸಾಧನ ನಿಜಕ್ಕಿಂತ ಮೂರನೇ ಎರಡು ಪಾಲಿನಷ್ಟು ಹೆಚ್ಚು ತೋರಿಸುತ್ತದೆ. ಉಪ್ಪಿನ ಬಗ್ಗೆ ಆಸೆ ಬೇಡ. ಅಡುಗೆಗೆ ಬಿದ್ದ ಉಪ್ಪು ಮಗುವಿಗೆ ತಿಳಿಯುವುದಿಲ್ಲ. ಉಪ್ಪಿನಲ್ಲಿರುವ ಸೋಡಿಯಂನ ಲೆಕ್ಕ ಬೇಕೆಂದರೆ 24 ಗಂಟೆಗಳ ಮೂತ್ರ ಸಂಗ್ರಹಣೆಯೇ ನಂಬಲರ್ಹ ಮಾರ್ಗ.

ದಾಖಲೆಗಳು ಬಂದ ಮೇಲೆ ಪಟ್ಟಿಯಲ್ಲಿ ಸಿಗದೆ ಮಕ್ಕಳು ಕೈಯಾರೆ ಬರೆದ ಪದಾರ್ಥಗಳಿಗೆ ಸಂಕೇತ ಕೊಡುವ, ಅಂದರೆ ಪ್ರತಿಯೊಂದನ್ನೂ ಪಟ್ಟಿಯ ಹತ್ತಿರದ ಪದಾರ್ಥಕ್ಕೆ ಜೋಡಿಸುವ ಕೆಲಸ ಉಳಿದಿರುತ್ತದೆ. ಇಬ್ಬರು ಬೇರೆಬೇರೆಯಾಗಿ ಕೊಟ್ಟು ಆಮೇಲೆ ಹೋಲಿಸಲಿ. ನಂತರ ಶಕ್ತಿಯ ಮೊತ್ತವನ್ನು ದೇಹದ ಅಗತ್ಯದೊಂದಿಗೆ ತಾಳೆ ನೋಡಬೇಕು. ಸ್ಕೋಫೀಲ್ಡ್ 1985ರಲ್ಲಿ ಪ್ರಕಟಿಸಿದ ಸೂತ್ರದಂತೆ 10ರಿಂದ 18 ವರ್ಷದ ಹುಡುಗರ ಮೂಲ ಚಯಾಪಚಯ ದರ, ಅಂದರೆ ವಿಶ್ರಾಂತಿಯಲ್ಲಿದ್ದರೂ ದೇಹಕ್ಕೆ ಬೇಕಾಗುವ ಶಕ್ತಿ, ಕಿಲೋಗಳಲ್ಲಿನ ತೂಕವನ್ನು 17.686ರಿಂದ ಗುಣಿಸಿ 658.2 ಕೂಡಿದಷ್ಟು ಕಿಲೋಕ್ಯಾಲರಿ, ದಿನವೊಂದಕ್ಕೆ. 35 ಕಿಲೋ ತೂಕದ ಹುಡುಗನಿಗೆ ಅದು ಸುಮಾರು 1277. ಅವನ ದಾಖಲೆ 1000 ಎಂದು ಹೇಳಿದರೆ, ಸುಮ್ಮನೆ ಮಲಗಿದ್ದರೂ ಬೇಕಾಗುವಷ್ಟನ್ನೂ ಅವನು ತಿಂದಿಲ್ಲ ಎಂದಾಯಿತು. ವಾಡಿಕೆಯ ಸೇವನೆ ಅಷ್ಟಿರಲಾರದು. ಆದರೆ ಆ ಒಂದು ದಿನ ಜ್ವರವೋ ಉಪವಾಸವೋ ಇದ್ದಿರಬಹುದು. ಹಾಗಾಗಿ ಅಂಥ ದಾಖಲೆಯನ್ನು ಅಳಿಸುವ ಬದಲು ಗುರುತು ಹಾಕಿಟ್ಟು, ಅದನ್ನು ಸೇರಿಸಿಯೂ ಬಿಟ್ಟೂ ಎರಡು ಬಾರಿ ಲೆಕ್ಕ ಹಾಕಿ.

ಸಾಧ್ಯವಿದ್ದರೆ ಒಂದು ಸಣ್ಣ ಗುಂಪಿನ ಊಟವನ್ನು ದೂರದಿಂದ ಗಮನಿಸಿ ಬರೆದು ಅವರ ದಾಖಲೆಯೊಂದಿಗೆ ಹೋಲಿಸಿ. ಸಮಯವಿಲ್ಲವೆಂದು ಎಲ್ಲರೂ ಮೊದಲು ಕೈಬಿಡುವ ಹಂತವೂ ಇದೇ. ವೀಕ್ಷಕರು ಕಂಡದ್ದು ಆರು ಪದಾರ್ಥ, ಮಗು ಹೇಳಿದ್ದು ಐದು, ಅವುಗಳಲ್ಲಿ ಹೊಂದಿಕೆಯಾದವು ನಾಲ್ಕು ಎಂದಿಟ್ಟುಕೊಳ್ಳೋಣ. ಆಗ ಮರೆತವು ಎರಡು, ತಿನ್ನದೆ ಸೇರಿಸಿದ್ದು ಒಂದು. ಮರೆವಿನ ದರ ಆರರಲ್ಲಿ ಎರಡು, ಅಂದರೆ ಶೇಕಡ 33. ಸೇರ್ಪಡೆಯ ದರ ಐದರಲ್ಲಿ ಒಂದು, ಅಂದರೆ ಶೇಕಡ 20. ಮರೆತ ಬ್ರೆಡ್ಡಿನ ಶಕ್ತಿಯನ್ನು ತಿನ್ನದ ಬಿಸ್ಕತ್ತು ತುಂಬಿಕೊಟ್ಟು ಒಟ್ಟು ಕ್ಯಾಲರಿ ಸರಿಯಾಗಿಯೇ ಕಾಣಬಹುದಾದ್ದರಿಂದ, ಮೊತ್ತಗಳ ಹೋಲಿಕೆಯೊಂದನ್ನೇ ನಂಬುವಂತಿಲ್ಲ.

ಹೆತ್ತವರ ಲಿಖಿತ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯನ್ನೂ ಕೇಳಿ. ಬೇಡವೆಂದ ಮಗುವಿಗೆ ಆ ಹೊತ್ತಿಗೆ ಬೇರೆ ಕೆಲಸ ಸಿದ್ಧವಿರಲಿ. ಹೆಸರಿನ ಬದಲು ಸಂಖ್ಯೆಯಿಂದ ಒಳಗೆ ಪ್ರವೇಶಿಸುವ ವ್ಯವಸ್ಥೆಯಿರಲಿ, ಮತ್ತು ಕ್ಯಾಲರಿ ಮೊತ್ತ ಮಕ್ಕಳ ಪರದೆಯ ಮೇಲೆ ಮೂಡದಂತೆ ಸೆಟ್ಟಿಂಗ್ ಬದಲಿಸಿಡಿ, ಏಕೆಂದರೆ ತೂಕದ ಚಿಂತೆಯಲ್ಲಿರುವ ಮಗುವಿಗೆ ಆ ಅಂಕಿ ಹಾನಿ ಮಾಡಬಲ್ಲದು. ದಿನವಿಡೀ ಏನೂ ತಿಂದಿಲ್ಲ ಎಂದು ದಾಖಲಿಸಿದ ಮಗುವಿನ ವಿಷಯವನ್ನು ಯಾರಿಗೆ, ಯಾವ ರೀತಿ ತಿಳಿಸಬೇಕು ಎಂಬುದನ್ನು ಮೊದಲ ದಿನಕ್ಕಿಂತ ಮುಂಚೆಯೇ ಶಾಲೆಯೊಂದಿಗೆ ಮಾತಾಡಿ ನಿಶ್ಚಯಿಸಿಕೊಳ್ಳಿ.